ನಿಸರ್ಗವೀಕ್ಷಕ ಜೋಸೆಫ್ ಗ್ರಿನೆಲ್

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪಶ್ಚಿಮದ ಅಂಚಿನಲ್ಲಿ ಕ್ಯಾಲಿಫೋರ್ನಿಯಾ ಎಂಬ ವಿಶಾಲವಾದ ರಾಜ್ಯವಿದೆ. ಅದರ ದಕ್ಷಿಣ ಭಾಗದಲ್ಲಿ ಮರುಭೂಮಿಯೂ ಎತ್ತರವಾದ ಪರ್ವತಗಳೂ ಒಂದರ ಪಕ್ಕದಲ್ಲಿ ಒಂದು ಹಬ್ಬಿಕೊಂಡಿವೆ. ಪೆಸಿಫಿಕ್ ಸಾಗರದಿಂದ ಬೀಸುವ ತೇವದ ಗಾಳಿಯನ್ನು ಈ ಪರ್ವತಗಳು ತಡೆಯುವುದರಿಂದ ಅವುಗಳ ಪೂರ್ವದ ಮಗ್ಗುಲಿನಲ್ಲಿ ಮಳೆ ಬಹಳ ಕಡಿಮೆ. ವರ್ಷದ ಬಹುಭಾಗ ಅಲ್ಲಿ ಕಾಣುವುದು ಕಲ್ಲು, ಮರಳು, ಮುಳ್ಳುಕಂಟಿ. ಆದರೆ ಚಳಿಗಾಲದಲ್ಲಿ ಹದವಾಗಿ ಮಳೆ ಬಿದ್ದ ವರ್ಷ, ಮಾರ್ಚ್ ತಿಂಗಳ ಹೊತ್ತಿಗೆ ಆ ನೆಲದ ರೂಪವೇ ಬದಲಾಗುತ್ತದೆ. ಮರಳಿನಲ್ಲಿ ಹುದುಗಿದ್ದ ಬೀಜಗಳು ಒಮ್ಮೆಲೇ ಮೊಳೆತು ಹೂಬಿಡುತ್ತವೆ. ಕ್ರಿಯೋಸೋಟ್ ಎಂಬ ಪೊದೆಯ ತುಂಬ ಹಳದಿಯ ಹೂಗಳು ಅರಳುತ್ತವೆ. ಪಾಪಾಸುಕಳ್ಳಿಯ ಮುಳ್ಳುಗಳ ನಡುವೆ ಹಕ್ಕಿಗಳು ಗೂಡು ಕಟ್ಟುತ್ತವೆ. ಕೆಲವೇ ವಾರಗಳಲ್ಲಿ ಈ ಸಂಭ್ರಮ ಮುಗಿದುಹೋಗುತ್ತದೆ.

ಇಂಥ ವಸಂತಗಳನ್ನು ಕಂಡು ಸಂತೋಷಪಟ್ಟವರು ಅನೇಕರು. ಆದರೆ ಕಂಡದ್ದನ್ನು ಕಂಡ ಹಾಗೆಯೇ, ದಿನ, ಸ್ಥಳ, ಸಂಖ್ಯೆಗಳ ಸಮೇತ, ಮುಂದಿನ ಶತಮಾನದ ಜನರಿಗೆ ಉಪಯೋಗವಾಗುವಂತೆ ಬರೆದಿಟ್ಟವರು ವಿರಳ. ಆ ಕಾರ್ಯವನ್ನೇ ತಮ್ಮ ಜೀವನದ ವ್ರತವನ್ನಾಗಿ ಮಾಡಿಕೊಂಡವರು ಜೋಸೆಫ್ ಗ್ರಿನೆಲ್.

ಗ್ರಿನೆಲ್ಲರು 1877ನೆಯ ಇಸವಿ ಫೆಬ್ರವರಿ 27ರಂದು, ಇಂದಿನ ಓಕ್ಲಹೋಮ ರಾಜ್ಯಕ್ಕೆ ಸೇರಿದ ಫೋರ್ಟ್ ಸಿಲ್ ಪ್ರದೇಶದಲ್ಲಿ ಜನಿಸಿದರು. ಅವರ ತಂದೆ ವೈದ್ಯರು. ಅಮೆರಿಕದ ಮೂಲನಿವಾಸಿಗಳಿಗಾಗಿ ಸರ್ಕಾರವು ಏರ್ಪಡಿಸಿದ್ದ ನೆಲೆಗಳಲ್ಲಿ ಅವರು ಚಿಕಿತ್ಸಕರಾಗಿ ಸೇವೆ ಸಲ್ಲಿಸುತ್ತಿದ್ದರು. ತಂದೆಯ ಉದ್ಯೋಗದ ನಿಮಿತ್ತ ಬಾಲಕನು ತನ್ನ ಎಳವೆಯ ಕೆಲವು ವರ್ಷಗಳನ್ನು ಡಕೋಟ ಪ್ರಾಂತದ ಪೈನ್ ರಿಜ್ ಎಂಬಲ್ಲಿ, ಲಕೋಟ ಜನರ ಮಕ್ಕಳ ಒಡನಾಟದಲ್ಲಿ ಕಳೆದನು. ವಿಶಾಲವಾದ ಹುಲ್ಲುಬಯಲು, ಅದರ ಮೇಲೆ ಹಾರಾಡುವ ಹಕ್ಕಿಗಳು, ಬಿಲದಿಂದ ಇಣುಕುವ ಪ್ರಾಣಿಗಳು ಅವನ ಮೊದಲ ಪಾಠಗಳಾದವು. ಮುಂದೆ ಕುಟುಂಬವು ದಕ್ಷಿಣ ಕ್ಯಾಲಿಫೋರ್ನಿಯಾದ ಪ್ಯಾಸಡೀನ ಎಂಬ ಊರಿನಲ್ಲಿ ನೆಲೆಸಿತು. ಊರಿನ ಹಿಂದೆಯೇ ಪರ್ವತಶ್ರೇಣಿ, ಅದರಾಚೆಗೆ ಮರುಭೂಮಿ. ಬಾಲಕನಲ್ಲಿ ಮೊಳೆತಿದ್ದ ಆಸಕ್ತಿಗೆ ಇದಕ್ಕಿಂತ ಒಳ್ಳೆಯ ನೆಲ ದೊರೆಯುವಂತಿರಲಿಲ್ಲ. ಹದಿಹರೆಯದಲ್ಲಿಯೇ ಅವನು ಹಕ್ಕಿಗಳ ಮಾದರಿಗಳನ್ನು ಸಂಗ್ರಹಿಸಿ, ಪ್ರತಿಯೊಂದಕ್ಕೂ ದೊರೆತ ಸ್ಥಳ ಮತ್ತು ದಿನಾಂಕಗಳ ಚೀಟಿ ಕಟ್ಟಿ ಜೋಡಿಸಿಡುವ ಅಭ್ಯಾಸ ಮಾಡಿಕೊಂಡನು.

1897ರಲ್ಲಿ ಪ್ಯಾಸಡೀನದ ಥ್ರೂಪ್ ವಿದ್ಯಾಸಂಸ್ಥೆಯಿಂದ ಗ್ರಿನೆಲ್ಲರು ಪದವೀಧರರಾದರು. ಮರುವರ್ಷ ಚಿನ್ನದ ಆಸೆಯಿಂದ ಸಾವಿರಾರು ಜನ ಉತ್ತರದ ಅಲಾಸ್ಕಕ್ಕೆ ಧಾವಿಸುತ್ತಿದ್ದಾಗ ಗ್ರಿನೆಲ್ಲರೂ ಒಂದು ತಂಡದೊಂದಿಗೆ ಹಡಗನ್ನೇರಿದರು. ಅಲ್ಲಿನ ಹಿಮದ ನಾಡಿನಲ್ಲಿ ಒಂದು ಚಳಿಗಾಲವನ್ನು ಕಳೆದು ಅವರು ಮರಳಿ ತಂದದ್ದು ಹಕ್ಕಿಗಳ ಮಾದರಿಗಳನ್ನು ಮತ್ತು ಟಿಪ್ಪಣಿಗಳನ್ನು. ಚಿನ್ನವನ್ನು ಅರಸಿ ಹೋದವರಲ್ಲಿ ಬಹಳ ಮಂದಿ ಬರಿಗೈಯಲ್ಲಿ ಹಿಂದಿರುಗಿದರು. ಗ್ರಿನೆಲ್ಲರ ಪಾಲಿಗೆ ಮಾತ್ರ ಆ ಯಾತ್ರೆ ನಷ್ಟದ್ದಾಗಲಿಲ್ಲ. 1901ರಲ್ಲಿ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿಯನ್ನು ಪಡೆದರು. ಬಳಿಕ ತಾವು ಕಲಿತ ಥ್ರೂಪ್ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು. 1906ರಿಂದ ಹಕ್ಕಿಗಳ ಅಧ್ಯಯನಕ್ಕೆ ಮೀಸಲಾದ ‘ದಿ ಕಾಂಡರ್’ ಎಂಬ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು, ಬದುಕಿನ ಕೊನೆಯವರೆಗೂ ಅದನ್ನು ನಡೆಸಿದರು.

ಈ ವೇಳೆಗೆ ಅವರ ಜೀವನದ ದಿಕ್ಕನ್ನೇ ಬದಲಿಸಿದ ಒಂದು ಭೇಟಿ ಒದಗಿಬಂದಿತು. ಆ್ಯನಿ ಅಲೆಗ್ಸಾಂಡರ್ ಎಂಬ ಮಹಿಳೆ ಹವಾಯಿ ದ್ವೀಪಗಳ ಸಕ್ಕರೆ ಉದ್ಯಮದಿಂದ ಸಂಪನ್ನವಾದ ಮನೆತನಕ್ಕೆ ಸೇರಿದವರು. ಸಂಪತ್ತನ್ನು ಭೋಗಕ್ಕೆ ಬಳಸದೆ ಕಾಡುಮೇಡುಗಳಲ್ಲಿ ಸುತ್ತಾಡಿ ಪಳೆಯುಳಿಕೆಗಳನ್ನೂ ಪ್ರಾಣಿಗಳ ಮಾದರಿಗಳನ್ನೂ ಸಂಗ್ರಹಿಸುವುದರಲ್ಲಿ ಆಕೆಗೆ ಒಲವು. ಪಶ್ಚಿಮ ಕರಾವಳಿಯ ಜೀವಿಗಳ ಅಧ್ಯಯನಕ್ಕಾಗಿ ಅಲ್ಲಿಯೇ ಒಂದು ಸಂಗ್ರಹಾಲಯ ಸ್ಥಾಪನೆಯಾಗಬೇಕೆಂಬುದು ಆಕೆಯ ಹಂಬಲವಾಗಿತ್ತು. ಗ್ರಿನೆಲ್ಲರ ಸಂಗ್ರಹದ ಅಚ್ಚುಕಟ್ಟುತನವನ್ನು ಕಂಡು, ತಾನು ಅರಸುತ್ತಿದ್ದ ವ್ಯಕ್ತಿ ಇವರೇ ಎಂದು ಆಕೆ ನಿಶ್ಚಯಿಸಿದರು. ಆಕೆಯ ಉದಾರವಾದ ಧನಸಹಾಯದಿಂದ 1908ರಲ್ಲಿ ಬರ್ಕ್ಲಿ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಕಶೇರುಕ ಪ್ರಾಣಿಶಾಸ್ತ್ರದ ಸಂಗ್ರಹಾಲಯವು ಪ್ರಾರಂಭವಾಯಿತು. ಮೂವತ್ತೊಂದು ವರ್ಷ ವಯಸ್ಸಿನ ಗ್ರಿನೆಲ್ಲರು ಅದರ ಮೊದಲ ನಿರ್ದೇಶಕರಾದರು.

ಸಂಗ್ರಹಾಲಯವೆಂದರೆ ಅಪರೂಪದ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸುವ ಮನೆ ಎಂಬುದು ಆ ಕಾಲದ ಸಾಮಾನ್ಯ ಭಾವನೆಯಾಗಿತ್ತು. ಗ್ರಿನೆಲ್ಲರ ಕಲ್ಪನೆಯೇ ಬೇರೆ. ಅವರ ಕಣ್ಣೆದುರಿಗೇ ಕ್ಯಾಲಿಫೋರ್ನಿಯಾ ಬಲು ವೇಗದಿಂದ ಬದಲಾಗುತ್ತಿತ್ತು. ಕಣಿವೆಗಳಲ್ಲಿ ಕಾಡು ಕಡಿದು ತೋಟಗಳಾಗುತ್ತಿದ್ದವು. ನದಿಗಳಿಗೆ ಕಟ್ಟೆಗಳು ಏಳುತ್ತಿದ್ದವು. ಬೆಟ್ಟದ ಹುಲ್ಲುಗಾವಲುಗಳನ್ನು ಕುರಿದನಗಳ ಹಿಂಡುಗಳು ಮೇಯ್ದು ಬೋಳುಮಾಡುತ್ತಿದ್ದವು. ಯಾವ ಜೀವಿ ಎಲ್ಲಿತ್ತು, ಎಷ್ಟಿತ್ತು ಎಂಬುದನ್ನು ಈಗಲೇ ಬರೆದಿಡದಿದ್ದರೆ, ಏನು ಕಳೆದುಹೋಯಿತೆಂಬುದು ಕೂಡ ಮುಂದಿನವರಿಗೆ ತಿಳಿಯುವಂತಿಲ್ಲ ಎಂದು ಅವರು ಮನಗಂಡರು. ತಮ್ಮ ಸಂಗ್ರಹಾಲಯದ ನಿಜವಾದ ಬೆಲೆ ಅನೇಕ ವರ್ಷಗಳ ಅನಂತರ, ಬಹುಶಃ ಒಂದು ಶತಮಾನ ಕಳೆದ ಮೇಲೆ ತಿಳಿಯಬಹುದೆಂದು 1910ರಲ್ಲಿ ಬರೆದ ಲೇಖನವೊಂದರಲ್ಲಿ ಅವರು ಸೂಚಿಸಿದರು. ತಮ್ಮ ಶ್ರಮದ ಫಲವನ್ನು ತಾವು ಕಾಣುವುದಿಲ್ಲವೆಂದು ತಿಳಿದೂ ಅವರು ಕೆಲಸಕ್ಕೆ ತೊಡಗಿದರು.

ಸಂಗ್ರಹಾಲಯವು ಹುಟ್ಟಿದ ವರ್ಷವೇ, ಅಂದರೆ 1908ರ ವಸಂತದಲ್ಲಿಯೇ, ಗ್ರಿನೆಲ್ಲರು ತಮ್ಮ ಸಹಾಯಕರೊಡನೆ ದಕ್ಷಿಣದ ಸ್ಯಾನ್ ಹಸಿಂಟೊ ಪರ್ವತದ ಕಡೆಗೆ ಹೊರಟರು. ಈ ಪರ್ವತದ ಶಿಖರವು 3,300 ಮೀಟರುಗಳಷ್ಟು ಎತ್ತರವಿದೆ. ಅದರ ಬುಡದಲ್ಲಿರುವುದು ಸುಡುವ ಮರುಭೂಮಿ. ಇವೆರಡರ ನಡುವಣ ದೂರ ಕೆಲವೇ ಮೈಲಿಗಳು. ಹೀಗಾಗಿ ಒಂದೇ ಪರ್ವತದ ಮೈಮೇಲೆ ಹಲವು ಬಗೆಯ ಹವೆಗಳೂ ಹಲವು ಬಗೆಯ ಸಸ್ಯಗಳೂ ಮೆಟ್ಟಿಲು ಮೆಟ್ಟಿಲಾಗಿ ಏರ್ಪಟ್ಟಿವೆ.

ತಪ್ಪಲಿನ ಮರುಭೂಮಿಯಲ್ಲಿ ವಸಂತವು ಬೇಗ ಬರುತ್ತದೆ. ಅಲ್ಲಿ ಬೆಳೆಯುವ ಮೆಸ್ಕೀಟ್ ಎಂಬುದು ನಮ್ಮ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಎಂದು ಹೆಸರಾದ ಗಿಡದ ಹತ್ತಿರದ ಬಂಧು. ಮೆಸ್ಕೀಟಿನ ಕೊಂಬೆಗಳಲ್ಲಿ ಬಂದಳಿಕೆ ಹಬ್ಬಿರುತ್ತದೆ. ಬಂದಳಿಕೆಯ ಕೆಂಪು ಹಣ್ಣುಗಳನ್ನು ತಿನ್ನುವ, ತಲೆಯ ಮೇಲೆ ಜುಟ್ಟುಳ್ಳ ಫೈನೊಪೆಪ್ಲ ಎಂಬ ಹೊಳೆವ ಕಪ್ಪು ಹಕ್ಕಿ ಅದೇ ಮರಗಳಲ್ಲಿ ಗೂಡು ಕಟ್ಟುತ್ತದೆ. ಹಣ್ಣಿನ ಬೀಜಗಳನ್ನು ಇನ್ನೊಂದು ಕೊಂಬೆಗೆ ಮುಟ್ಟಿಸುವುದೂ ಅದೇ ಹಕ್ಕಿ. ವರ್ಡಿನ್ ಎಂಬ ಪುಟ್ಟ ಹಕ್ಕಿಯು ಮುಳ್ಳುಕಡ್ಡಿಗಳನ್ನು ಹೆಣೆದು ಚೆಂಡಿನಾಕಾರದ ಗೂಡನ್ನು ಕಟ್ಟಿ, ಪಕ್ಕದಲ್ಲಿ ಒಂದು ಚಿಕ್ಕ ಬಾಗಿಲನ್ನು ಇಟ್ಟುಕೊಳ್ಳುತ್ತದೆ. ಕಳ್ಳಿಗಿಡದ ಮುಳ್ಳುಗಳ ನಡುವೆ ಕಳ್ಳಿಯ ರೆನ್ ಹಕ್ಕಿಯ ಸಂಸಾರ. ಬಿಸಿಲೇರುವ ಮೊದಲೇ ಮರಿಗಳನ್ನು ಬೆಳೆಸಿ ಮುಗಿಸುವ ಆತುರ ಇವುಗಳಲ್ಲಿ ಎದ್ದು ಕಾಣುತ್ತದೆ.

ಸ್ವಲ್ಪ ಮೇಲೇರಿದರೆ ಯಕ್ಕಾ ಗಿಡಗಳ ಬಿಳಿಯ ಹೂಗೊಂಚಲುಗಳು, ಇನ್ನೂ ಮೇಲೆ ಗಟ್ಟಿಯೆಲೆಯ ದಟ್ಟ ಕುರುಚಲು ಕಾಡು, ಅದರ ಮೇಲೆ ಓಕ್ ಮತ್ತು ಪೈನ್ ಮರಗಳ ಕಾಡು. ಕೆಳಗೆ ಹೂವೆಲ್ಲ ಉದುರಿ ಬೀಜ ಒಣಗುತ್ತಿರುವ ಹೊತ್ತಿನಲ್ಲಿ ನಡುಬೆಟ್ಟದಲ್ಲಿ ಮೊದಲ ಹೂಗಳು ಅರಳುತ್ತಿರುತ್ತವೆ. ಶಿಖರದ ಬಳಿಯ ನೆರಳಿನಲ್ಲಿ ಹಿಮವಿನ್ನೂ ಕರಗಿರುವುದಿಲ್ಲ. ವಸಂತವು ಎಲ್ಲೆಡೆ ಒಂದೇ ದಿನ ಬರುವುದಿಲ್ಲ. ಅದು ತಪ್ಪಲಿನಿಂದ ಹೊರಟು ವಾರ ವಾರಕ್ಕೂ ಬೆಟ್ಟವನ್ನು ಏರುತ್ತ ಹೋಗುತ್ತದೆ. ಗ್ರಿನೆಲ್ಲರ ತಂಡವೂ ಅದರ ಹಿಂದೆಯೇ ಏರಿತು. ತಪ್ಪಲಿನ ಕ್ಯಾಬಝಾನ್, ನಡುವಣ ಸ್ಟ್ರಾಬೆರಿ ಕಣಿವೆ, ಅದರ ಮೇಲಿನ ಟಾಕ್ವಿಟ್ಸ್ ಕಣಿವೆ, ಶಿಖರದ ಕೆಳಗಿನ ರೌಂಡ್ ಕಣಿವೆ ಹೀಗೆ ಹಲವು ಎತ್ತರಗಳಲ್ಲಿ ಬಿಡಾರ ಹೂಡಿ, ಪ್ರತಿಯೊಂದು ನೆಲೆಯ ಜೀವಿಗಳನ್ನೂ ಪಟ್ಟಿಮಾಡಿತು. ಈ ಶೋಧನೆಯ ವಿವರಗಳನ್ನು ಗ್ರಿನೆಲ್ಲರು ತಮ್ಮ ಸಹೋದ್ಯೋಗಿ ಹ್ಯಾರಿ ಸ್ವಾರ್ತ್ ಅವರೊಡಗೂಡಿ 1913ರಲ್ಲಿ ಪ್ರಕಟಿಸಿದರು.

ಗ್ರಿನೆಲ್ಲರ ದಿನಚರಿಯ ಕ್ರಮ ಕಟ್ಟುನಿಟ್ಟಾದದ್ದು. ಮುಂಜಾವಿನಲ್ಲಿ ಎದ್ದು ನಡಿಗೆ ಹೊರಟರೆ ಕಿಸೆಯಲ್ಲಿನ ಚಿಕ್ಕ ಪುಸ್ತಕದಲ್ಲಿ ಕಂಡದ್ದನ್ನೆಲ್ಲ ಅಲ್ಲಲ್ಲಿಯೇ ಗುರುತು ಹಾಕಿಕೊಳ್ಳುವುದು. ಬಿಡಾರಕ್ಕೆ ಮರಳಿದ ಮೇಲೆ, ನೆನಪು ಹಸಿಯಾಗಿರುವಾಗಲೇ, ಅದನ್ನು ವಿಸ್ತರಿಸಿ ಒಳ್ಳೆಯ ಕಾಗದದ ಮೇಲೆ ಮಾಸದ ಕಪ್ಪು ಮಸಿಯಿಂದ ಬರೆಯುವುದು. ಪುಟದ ಮೇಲ್ತುದಿಯಲ್ಲಿ ಸ್ಥಳದ ಹೆಸರು, ಎತ್ತರ, ದಿನಾಂಕ ಇರಲೇಬೇಕು. ಎಷ್ಟು ಹೊತ್ತು ನಡೆದದ್ದು, ಯಾವ ಹಕ್ಕಿ ಎಷ್ಟು ಕಂಡದ್ದು, ಎಷ್ಟು ಬೋನುಗಳನ್ನು ಎಲ್ಲೆಲ್ಲಿ ಒಡ್ಡಿದ್ದು, ಅವುಗಳಲ್ಲಿ ಸಿಕ್ಕಿದ್ದೇನು, ಸುತ್ತಲಿನ ಗಿಡಮರಗಳು ಯಾವುವು ಎಂಬುದೆಲ್ಲ ಅದರಲ್ಲಿ ಸೇರಬೇಕು. ನಡೆದ ದಾರಿಯನ್ನು ಭೂಪಟದ ಮೇಲೆ ಗುರುತಿಸಬೇಕು. ದಿನದ ಕಥನ ಒಂದು ಭಾಗ. ಒಂದೊಂದು ಜೀವಿಯ ವಿಷಯಕ್ಕೆ ಮೀಸಲಾದ ಹಾಳೆಗಳು ಇನ್ನೊಂದು ಭಾಗ. ಮಾದರಿಗಳ ಪಟ್ಟಿ ಮೂರನೆಯದು. ನೆಲದೃಶ್ಯಗಳ ಛಾಯಾಚಿತ್ರಗಳನ್ನೂ ತೆಗೆದು ಇವುಗಳೊಂದಿಗೆ ಜೋಡಿಸಬೇಕು. ಈ ಕ್ರಮವು ಇಂದಿಗೂ ಗ್ರಿನೆಲ್ ಪದ್ಧತಿ ಎಂದು ಪ್ರಸಿದ್ಧವಾಗಿದೆ.

ಇದರಲ್ಲಿ ಗಮನಿಸಬೇಕಾದ ಒಂದು ವಿಶೇಷವುಂಟು. ಸಾಮಾನ್ಯವಾಗಿ ಜನರು ಅಪೂರ್ವವಾದುದನ್ನು ಕಂಡಾಗ ಬರೆದಿಡುತ್ತಾರೆ. ದಿನವೂ ಕಾಣುವುದನ್ನು ಬರೆಯುವುದಿಲ್ಲ. ಗ್ರಿನೆಲ್ಲರು ಊರಗುಬ್ಬಿಯಂತಹ ಸಾಧಾರಣ ಜೀವಿಯನ್ನೂ ಬಿಡದೆ ಎಣಿಸಿದರು. ಇಂದು ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ನಿರ್ಣಯಿಸುವ ಅಧಿಕಾರ ತಮಗಿಲ್ಲ, ಅದು ಮುಂದಿನ ಓದುಗನಿಗೆ ಸೇರಿದ್ದು ಎಂಬ ವಿನಯ ಅವರದು. ಬಂದೂಕಿನಿಂದ ಹಕ್ಕಿಗಳನ್ನು ಹೊಡೆದು, ಬೋನಿನಿಂದ ಇಲಿಗಳನ್ನು ಹಿಡಿದು ಮಾದರಿಗಳನ್ನು ಸಂಗ್ರಹಿಸುವುದು ಆ ಕಾಲದ ವಿಜ್ಞಾನದ ರೂಢಿ. ಗ್ರಿನೆಲ್ಲರೂ ಅದನ್ನು ಅನುಸರಿಸಿದರು. ಪ್ರಾಣ ತೆಗೆದು ಪಡೆದ ಮಾದರಿಗೆ ಸ್ಥಳ, ದಿನಾಂಕಗಳ ವಿವರವಿಲ್ಲದಿದ್ದರೆ ಅದು ವ್ಯರ್ಥವೆಂಬುದನ್ನು ಅವರು ಎಂದೂ ಮರೆಯಲಿಲ್ಲ.

1910ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ಅವರ ತಂಡವು ಕೊಲರಾಡೊ ನದಿಯ ಕೆಳಕಣಿವೆಯಲ್ಲಿ ಪ್ರಯಾಣ ಮಾಡಿತು. ಒಣ ಬೆಟ್ಟಗಳ ನಡುವೆ ಕೆಂಪು ನೀರಿನ ಮಹಾನದಿ. ಅದರ ದಡದುದ್ದಕ್ಕೂ ವಿಲೋ ಮತ್ತು ಕಾಟನ್‌ವುಡ್ ಮರಗಳ ಹಸುರು ಪಟ್ಟಿ. ನೀಡಲ್ಸ್ ಎಂಬ ಊರಿನಿಂದ ಯೂಮಾ ಎಂಬ ಊರಿನವರೆಗೆ ದೋಣಿಯಲ್ಲಿ ಇಳಿಯುತ್ತ, ನದಿಯ ಎರಡು ದಡಗಳಲ್ಲಿಯೂ ಬಿಡಾರ ಮಾಡುತ್ತ ಅವರು ಒಂದು ಕುತೂಹಲಕರ ಸಂಗತಿಯನ್ನು ಗುರುತಿಸಿದರು. ಎರಡು ದಡಗಳ ಹವೆ, ಮಣ್ಣು, ಗಿಡಗಳು ಬಹುಮಟ್ಟಿಗೆ ಒಂದೇ. ಆದರೂ ನೆಲದ ಮೇಲೆ ವಾಸಿಸುವ ಕೆಲವು ಸಣ್ಣ ಪ್ರಾಣಿಗಳು ಒಂದು ದಡದಲ್ಲಿದ್ದರೆ ಇನ್ನೊಂದು ದಡದಲ್ಲಿಲ್ಲ. ಪಶ್ಚಿಮ ದಡದಲ್ಲಿ ಬಾಲದ ಕೆಳಭಾಗ ಬಿಳುಪಾಗಿರುವ ಒಂದು ಜಾತಿಯ ನೆಲ ಅಳಿಲು. ಪೂರ್ವ ದಡದಲ್ಲಿ ಅದರ ಜ್ಞಾತಿಯಾದ ಬೇರೊಂದು ಜಾತಿ. ರೆಕ್ಕೆಯುಳ್ಳ ಹಕ್ಕಿಗೆ ನದಿಯು ಅಡ್ಡಿಯಲ್ಲ; ಈಜಲಾರದ ಅಳಿಲಿಗೆ ಅದೇ ಗಡಿಯ ಗೋಡೆ. ಜೀವಿಗಳು ಎಲ್ಲಿರುತ್ತವೆ ಎಂಬುದಕ್ಕೆ ಬಿಸಿಲು ಮಳೆಗಳಷ್ಟೇ ಕಾರಣವಲ್ಲ, ಇಂತಹ ತಡೆಗಳೂ ಕಾರಣವೆಂದು ಅವರು ತೋರಿಸಿಕೊಟ್ಟರು. ಮುಂದೆ 1930ರ ದಶಕದಲ್ಲಿ ಹೂವರ್ ಮೊದಲಾದ ದೊಡ್ಡ ಅಣೆಕಟ್ಟುಗಳು ಎದ್ದು ಆ ನದಿಯ ವಸಂತಕಾಲದ ಪ್ರವಾಹಗಳನ್ನು ತಡೆದವು. ದಡದ ಕಾಡುಗಳ ಬಹುಭಾಗ ಹಾಳಾಯಿತು. ಗ್ರಿನೆಲ್ಲರ ತಂಡ ಬರೆದಿಟ್ಟ ವರ್ಣನೆಯು ಕಟ್ಟೆ ಕಟ್ಟುವ ಮೊದಲಿನ ನದಿಯ ಅಮೂಲ್ಯ ದಾಖಲೆಯಾಗಿ ಉಳಿಯಿತು.

1917ರ ವಸಂತದಲ್ಲಿ ಗ್ರಿನೆಲ್ಲರು ಡೆತ್ ವ್ಯಾಲಿ, ಅಂದರೆ ಮೃತ್ಯುಕಣಿವೆ ಎಂದು ಹೆಸರಾದ ಪ್ರದೇಶಕ್ಕೆ ಹೋದರು. ಸಮುದ್ರಮಟ್ಟಕ್ಕಿಂತ 86 ಮೀಟರು ಕೆಳಗಿರುವ ತಾಣವನ್ನು ಒಳಗೊಂಡ ಈ ಕಣಿವೆ ಜಗತ್ತಿನಲ್ಲಿಯೇ ಅತ್ಯಂತ ಬಿಸಿಯಾದ ನೆಲಗಳಲ್ಲಿ ಒಂದು. ಅದರ ಪಶ್ಚಿಮಕ್ಕೆ ಪ್ಯಾನಮಿಂಟ್ ಪರ್ವತಗಳು 3,300 ಮೀಟರುಗಳಿಗೂ ಮೀರಿ ತಲೆಯೆತ್ತಿವೆ. ಹೆಸರು ಮೃತ್ಯುವಿನದಾದರೂ ಅಲ್ಲಿ ಜೀವವಿಲ್ಲವೆಂದಲ್ಲ. ಹಗಲಿನಲ್ಲಿ ಬರಿದಾಗಿ ಕಾಣುವ ಮರಳಿನ ಮೇಲೆ ಬೆಳಗಾಗುವುದರೊಳಗೆ ಕಾಂಗರೂ ಇಲಿಗಳ ಹೆಜ್ಜೆಗುರುತುಗಳು ಮೂಡಿರುತ್ತವೆ. ಹಿಂಗಾಲುಗಳ ಮೇಲೆ ಕುಪ್ಪಳಿಸುವ ಈ ಪುಟ್ಟ ಪ್ರಾಣಿಗಳು ಹಗಲೆಲ್ಲ ಬಿಲದಲ್ಲಿದ್ದು ರಾತ್ರಿ ಬೀಜಗಳನ್ನು ಆಯ್ದು ತಿನ್ನುತ್ತವೆ. ಇವು ನೀರನ್ನು ಕುಡಿಯದೆಯೇ, ತಿಂದ ಬೀಜಗಳಿಂದ ದೇಹದಲ್ಲಿ ಉಂಟಾಗುವ ನೀರಿನಲ್ಲಿಯೇ ಬಾಳಬಲ್ಲವೆಂಬುದನ್ನು ಮುಂದೆ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು. ಕಣಿವೆಯ ತಳದಿಂದ ಪ್ಯಾನಮಿಂಟ್ ಪರ್ವತಗಳ ಪೈನ್ ಕಾಡುಗಳವರೆಗೆ ಏರಿ, ಸ್ಯಾನ್ ಹಸಿಂಟೊದಲ್ಲಿ ಮಾಡಿದಂತೆಯೇ ಇಲ್ಲಿಯೂ ಎತ್ತರ ಎತ್ತರದ ಜೀವಿಗಳನ್ನು ಅವರು ದಾಖಲಿಸಿದರು.

ಅದೇ 1917ರಲ್ಲಿ ಅವರು ಪ್ರಕಟಿಸಿದ ಒಂದು ಚಿಕ್ಕ ಲೇಖನವು ಜೀವವಿಜ್ಞಾನದಲ್ಲಿ ಹೆಸರಾಯಿತು. ಅದರ ವಿಷಯ ಕ್ಯಾಲಿಫೋರ್ನಿಯಾದ ಥ್ರ್ಯಾಷರ್ ಎಂಬ ಹಕ್ಕಿ. ಕಂದು ಬಣ್ಣ, ಗಿಡ್ಡ ರೆಕ್ಕೆ, ಉದ್ದ ಬಾಲ, ಕುಡುಗೋಲಿನಂತೆ ಬಾಗಿದ ಕೊಕ್ಕು ಇದರ ಲಕ್ಷಣಗಳು. ಒಣಬೆಟ್ಟಗಳ ಕುರುಚಲು ಕಾಡಿನಲ್ಲಿ, ಪೊದೆಗಳ ಅಡಿಯಲ್ಲಿ ಇದು ಬಾಳುತ್ತದೆ. ಕೊಕ್ಕಿನಿಂದ ತರಗೆಲೆಯನ್ನೂ ಮಣ್ಣನ್ನೂ ಕೆದಕಿ ಹುಳುಗಳನ್ನು ಹಿಡಿಯುತ್ತದೆ. ಅಪಾಯ ಬಂದರೆ ಹಾರುವುದಕ್ಕಿಂತ ಹೆಚ್ಚಾಗಿ ಪೊದೆಯ ಮರೆಯಲ್ಲಿ ಓಡಿ ಪಾರಾಗುತ್ತದೆ. ಅದರ ಬಣ್ಣ, ರೆಕ್ಕೆ, ಕೊಕ್ಕು, ನಡೆ ಎಲ್ಲವೂ ಆ ಒಂದು ಬಗೆಯ ನೆಲೆಗೆ ಹೇಳಿಮಾಡಿಸಿದಂತೆ ಹೊಂದಿಕೊಂಡಿವೆ. ನಿಸರ್ಗವೆಂಬ ದೊಡ್ಡ ಮನೆಯಲ್ಲಿ ಒಂದೊಂದು ಜೀವಿಗೂ ಹೀಗೆ ಅದರದೇ ಆದ ಸ್ಥಾನವಿದೆ, ಒಂದೇ ಪ್ರದೇಶದಲ್ಲಿ ಒಂದೇ ಸ್ಥಾನವನ್ನು ಎರಡು ಜಾತಿಗಳು ಬಹುಕಾಲ ಹಂಚಿಕೊಂಡಿರಲಾರವು ಎಂದು ಗ್ರಿನೆಲ್ಲರು ವಿವರಿಸಿದರು. ಈ ಸ್ಥಾನವನ್ನು ಸೂಚಿಸಲು ಅವರು ಬಳಸಿದ ನಿಚ್ ಎಂಬ ಪದವು ಇಂದು ಜೀವಪರಿಸರ ವಿಜ್ಞಾನದ ಪ್ರತಿಯೊಂದು ಪುಸ್ತಕದಲ್ಲಿಯೂ ಕಂಡುಬರುತ್ತದೆ.

ಜೀವಿಗಳನ್ನು ಹೀಗೆ ಹತ್ತಿರದಿಂದ ಬಲ್ಲವರಾದುದರಿಂದ, ಕೆಲವನ್ನು ಒಳ್ಳೆಯವು, ಕೆಲವನ್ನು ಕೆಟ್ಟವು ಎಂದು ವಿಂಗಡಿಸುವ ರೂಢಿಯನ್ನು ಗ್ರಿನೆಲ್ಲರು ಒಪ್ಪಲಿಲ್ಲ. ನೆಲವನ್ನು ತೋಡುವ ಹೆಗ್ಗಣದಂತಹ ಪ್ರಾಣಿಗಳು ಬೆಳೆಗೆ ಶತ್ರುಗಳೆಂಬುದು ರೈತರ ದೂರು. ಹೊಲಗದ್ದೆಗಳಲ್ಲಿ ಅವುಗಳಿಂದ ಹಾನಿಯಿರುವುದನ್ನು ಗ್ರಿನೆಲ್ಲರು ಅಲ್ಲಗಳೆಯಲಿಲ್ಲ. ಆದರೆ ಬೆಟ್ಟದ ಕಾಡುನೆಲದಲ್ಲಿ ಅವು ಮಣ್ಣನ್ನು ಸಡಿಲಗೊಳಿಸಿ, ಮೇಲುಕೆಳಗು ಮಾಡಿ, ನೀರು ಇಂಗುವಂತೆ ಮಾಡುತ್ತವೆಂದು 1923ರ ಒಂದು ಲೇಖನದಲ್ಲಿ ತೋರಿಸಿದರು. ಅಂದಿನ ದಿನಗಳಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಪೂಮಾ, ಕಯೋಟಿ ಮೊದಲಾದ ಬೇಟೆಯಾಡುವ ಪ್ರಾಣಿಗಳನ್ನು ಕೊಲ್ಲಿಸುತ್ತಿದ್ದರು. ಉದ್ಯಾನಗಳಲ್ಲಿ ಇವುಗಳಿಗೂ ಬಾಳುವ ಹಕ್ಕು ಇರಬೇಕೆಂದು ಗ್ರಿನೆಲ್ಲರೂ ಅವರ ಶಿಷ್ಯ ಟ್ರೇಸಿ ಸ್ಟೋರರ್ ಅವರೂ 1916ರಷ್ಟು ಹಿಂದೆಯೇ ವಾದಿಸಿದರು. ವಿಷವಿಟ್ಟು ಪ್ರಾಣಿಗಳನ್ನು ಸಾಮೂಹಿಕವಾಗಿ ಕೊಲ್ಲುವ ಸರ್ಕಾರಿ ಯೋಜನೆಗಳನ್ನೂ ಅವರು ವಿರೋಧಿಸಿದರು. ಈ ಮಾತುಗಳಿಗೆ ಅಂದು ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಆದರೆ ಅವರ ಬಳಿ ಕಲಿತ ಜಾರ್ಜ್ ರೈಟ್ ಎಂಬ ತರುಣರು ಮುಂದೆ ರಾಷ್ಟ್ರೀಯ ಉದ್ಯಾನಗಳ ಸೇವೆಗೆ ಸೇರಿ, ಅಲ್ಲಿನ ವನ್ಯಜೀವಿಗಳ ವೈಜ್ಞಾನಿಕ ಸಮೀಕ್ಷೆಯನ್ನು 1929ರಲ್ಲಿ ಪ್ರಾರಂಭಿಸಿದರು.

ಗ್ರಿನೆಲ್ಲರು 1914ರಿಂದ 1920ರವರೆಗೆ ಯೊಸೆಮಿಟಿ ಪ್ರದೇಶವನ್ನು ಪಶ್ಚಿಮದ ಬಯಲಿನಿಂದ ಪೂರ್ವದ ಒಣನಾಡಿನ ಮೋನೊ ಸರೋವರದವರೆಗೆ ಸಮೀಕ್ಷೆ ಮಾಡಿಸಿದರು. ಐನೂರಕ್ಕೂ ಹೆಚ್ಚು ಲೇಖನ, ಪುಸ್ತಕಗಳನ್ನು ಪ್ರಕಟಿಸಿದರು. ಅವರೂ ಅವರ ಸಂಗಡಿಗರೂ ಸೇರಿ ಕ್ಯಾಲಿಫೋರ್ನಿಯಾದ ಏಳುನೂರಕ್ಕೂ ಹೆಚ್ಚು ತಾಣಗಳಲ್ಲಿ ದಾಖಲೆ ಮಾಡಿದರು. ಅವರ ಸ್ವಂತ ಕೈಬರಹದ ಕ್ಷೇತ್ರಟಿಪ್ಪಣಿಗಳೇ ಸುಮಾರು ಮೂರು ಸಾವಿರ ಪುಟಗಳಾಗುತ್ತವೆ. 1939ನೆಯ ಇಸವಿ ಮೇ 29ರಂದು, ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ, ಗ್ರಿನೆಲ್ಲರು ಬರ್ಕ್ಲಿಯಲ್ಲಿ ಹೃದ್ರೋಗದಿಂದ ನಿಧನರಾದರು. ಟಿಪ್ಪಣಿಗಳ ಕಟ್ಟುಗಳು ಸಂಗ್ರಹಾಲಯದ ಕಪಾಟುಗಳಲ್ಲಿ ಉಳಿದವು.

ಶತಮಾನ ಕಳೆಯುವ ವೇಳೆಗೆ ಅವರು ನಿರೀಕ್ಷಿಸಿದ ಓದುಗರು ಬಂದರು. ಭೂಮಿಯ ಹವೆ ಬಿಸಿಯಾಗುತ್ತಿರುವುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಇದರಿಂದ ಕಾಡುಜೀವಿಗಳಿಗೆ ಏನಾಗಿದೆ ಎಂಬುದನ್ನು ಅರಿಯಬೇಕಾದರೆ ಹಿಂದೆ ಹೇಗಿತ್ತೆಂಬುದು ತಿಳಿದಿರಬೇಕು. ಬರ್ಕ್ಲಿಯ ಸಂಗ್ರಹಾಲಯದ ವಿಜ್ಞಾನಿಗಳು 2003ರಿಂದ ಗ್ರಿನೆಲ್ಲರ ಟಿಪ್ಪಣಿಗಳನ್ನು ಕೈಯಲ್ಲಿ ಹಿಡಿದು ಅವೇ ತಾಣಗಳಿಗೆ ಮರಳಿ ಹೋಗತೊಡಗಿದರು. ಯೊಸೆಮಿಟಿಯಲ್ಲಿ ಅವರು ಪರೀಕ್ಷಿಸಿದ 28 ಜಾತಿಯ ಸಣ್ಣ ಪ್ರಾಣಿಗಳಲ್ಲಿ ಅರ್ಧದಷ್ಟು ಜಾತಿಗಳು ಸರಾಸರಿ 500 ಮೀಟರುಗಳಷ್ಟು ಬೆಟ್ಟದ ಮೇಲಕ್ಕೆ ಸರಿದಿದ್ದವು. ಕೆಳಗೆ ಸೆಕೆ ಹೆಚ್ಚಿದಂತೆ ಅವು ತಂಪನ್ನರಸಿ ಮೇಲೇರಿದ್ದವು. ಕ್ಯಾಲಿಫೋರ್ನಿಯಾದ ಅನೇಕ ಹಕ್ಕಿಗಳು ಒಂದು ಶತಮಾನದ ಹಿಂದಿಗಿಂತ ಐದರಿಂದ ಹನ್ನೆರಡು ದಿನಗಳಷ್ಟು ಮುಂಚೆಯೇ ಗೂಡು ಕಟ್ಟುತ್ತಿರುವುದೂ ಇಂತಹ ಹೋಲಿಕೆಯಿಂದಲೇ ತಿಳಿದುಬಂದಿತು.

ಮರುಭೂಮಿಯ ಸುದ್ದಿ ಇನ್ನೂ ಕಳವಳಕಾರಿಯಾಗಿತ್ತು. ಡೆತ್ ವ್ಯಾಲಿಯನ್ನು ಒಳಗೊಂಡ ಮೊಹಾವಿ ಮರುಭೂಮಿಯ 61 ತಾಣಗಳಲ್ಲಿ ನಡೆದ ಮರುಸಮೀಕ್ಷೆಯ ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಗ್ರಿನೆಲ್ಲರ ಕಾಲಕ್ಕೆ ಹೋಲಿಸಿದರೆ ಒಂದೊಂದು ತಾಣವೂ ಸರಾಸರಿ ನೂರಕ್ಕೆ 43ರಷ್ಟು ಹಕ್ಕಿಯ ಜಾತಿಗಳನ್ನು ಕಳೆದುಕೊಂಡಿತ್ತು. ಮಳೆ ಕಡಿಮೆಯಾದುದು ಇದಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿತು. ನೀರಿನ ಸೆಲೆಯಿದ್ದ ತಾಣಗಳಲ್ಲಿ ನಷ್ಟ ಕಡಿಮೆ. ಬಿಸಿಲಿನಲ್ಲಿ ಮೈಯನ್ನು ತಂಪಾಗಿಟ್ಟುಕೊಳ್ಳಲು ಹಕ್ಕಿಗೆ ಹೆಚ್ಚು ನೀರು ಬೇಕು. ಆ ನೀರು ದೊರೆಯದಿದ್ದರೆ ಅದು ಬಾಳಲಾರದು. ಅದೇ ಮರುಭೂಮಿಯಲ್ಲಿ ಕಾಂಗರೂ ಇಲಿಯಂತಹ ಸಣ್ಣ ಪ್ರಾಣಿಗಳ ಸ್ಥಿತಿ ಮಾತ್ರ ಹೆಚ್ಚು ಬದಲಾಗಿರಲಿಲ್ಲವೆಂದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ತಿಳಿಸಿತು. ಹಗಲಿನ ಬೇಗೆಯಿಂದ ಅವುಗಳನ್ನು ಕಾಪಾಡಿದ್ದು ಅವುಗಳ ಬಿಲಗಳು.

ಇಷ್ಟನ್ನು ಖಚಿತವಾಗಿ ಹೇಳಲು ಸಾಧ್ಯವಾದುದು ಗ್ರಿನೆಲ್ಲರ ಶಿಸ್ತಿನಿಂದ. ಒಂದು ಹಕ್ಕಿ ಟಿಪ್ಪಣಿಯಲ್ಲಿ ಇಲ್ಲವೆಂದರೆ ಅದು ಅಲ್ಲಿರಲಿಲ್ಲವೋ ಅಥವಾ ನೋಡಿದವರು ಬರೆಯಲಿಲ್ಲವೋ ಎಂಬ ಸಂಶಯ ಸಹಜ. ಕಂಡದ್ದೆಲ್ಲವನ್ನೂ, ಹುಡುಕಿದ ಹೊತ್ತನ್ನೂ ಅವರು ಬರೆದಿಟ್ಟುದರಿಂದ ಆ ಸಂಶಯವನ್ನು ಲೆಕ್ಕಾಚಾರದಿಂದ ಪರಿಹರಿಸಿಕೊಳ್ಳಬಹುದಾಯಿತು. ಹಕ್ಕಿಗಳು ಕಡಿಮೆಯಾಗಿವೆ ಎಂಬುದು ವೃದ್ಧರ ನೆನಪಿನ ಮಾತಾಗಿ ಉಳಿಯದೆ, ಅಲ್ಲಗಳೆಯಲಾಗದ ಸತ್ಯವಾಗಿ ನಿಂತಿತು. ಯಾವ ನೀರಿನ ಸೆಲೆಯನ್ನು ಮೊದಲು ರಕ್ಷಿಸಬೇಕು, ಯಾವ ಬೆಟ್ಟದ ತಂಪು ಮಗ್ಗುಲನ್ನು ಉಳಿಸಬೇಕು ಎಂದು ಯೋಚಿಸುವವರಿಗೆ ಇಂತಹ ಅರಿವೇ ಆಧಾರ.

ಗ್ರಿನೆಲ್ಲರು ಆಸ್ತಿಯಾಗಿ ಬಿಟ್ಟುಹೋದದ್ದು ಒಂದು ಅಭ್ಯಾಸವನ್ನು. ಕಣ್ಣಿಟ್ಟು ನೋಡುವುದು, ನೋಡಿದ್ದನ್ನು ಅಂದೇ ಬರೆಯುವುದು, ಬರೆದದ್ದನ್ನು ಜೋಪಾನವಾಗಿ ಇಡುವುದು. ಇದಕ್ಕೆ ದೊಡ್ಡ ಉಪಕರಣಗಳು ಬೇಕಾಗಿಲ್ಲ, ಕಾಗದ, ಮಸಿ ಮತ್ತು ತಾಳ್ಮೆಯಿದ್ದರೆ ಸಾಕು. ಅವರ ಟಿಪ್ಪಣಿಗಳು ಬರ್ಕ್ಲಿಯ ಸಂಗ್ರಹಾಲಯದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಅವುಗಳನ್ನು ಹಿಡಿದು ಸ್ಯಾನ್ ಹಸಿಂಟೊದ ಕಣಿವೆಗಳಿಗೂ ಮೊಹಾವಿಯ ಒಣಬೆಟ್ಟಗಳಿಗೂ ಹೋದ ಸಂಶೋಧಕರು ಹಳೆಯ ಪುಟಗಳನ್ನು ಓದಿ ಸುಮ್ಮನೆ ಮರಳಲಿಲ್ಲ. ತಾವು ಕಂಡ ವಸಂತವನ್ನೂ ದಿನ, ಸ್ಥಳ, ಸಂಖ್ಯೆಗಳ ಸಮೇತ ಬರೆದು, ಇನ್ನು ನೂರು ವರ್ಷಗಳ ಅನಂತರ ಆ ಬೆಟ್ಟವನ್ನು ಏರುವವರಿಗಾಗಿ ಉಳಿಸಿದ್ದಾರೆ.